ತಲೆ ಬಗ್ಗಿಸಿ ನಿಲ್ಲುವ ನಾಯಿ

ಹೂ ಮುಡಿಸಲು ಬಂದವರು ಹೂವನ್ನು ತಟ್ಟೆಯಲ್ಲೇ ಬಿಟ್ಟು ಎದ್ದುಹೋದರು. ಅದೂ ಒಂದು ನಾಯಿಯ ದೆಸೆಯಿಂದ. ಓಣಿಯವರಿಗೆ ಇಷ್ಟೇ ಗೊತ್ತು.

"ನಾಯಿ ಕಡೀತಂತಲ್ಲ, ಹೌದೇನು?" ಎಂದು ಪಕ್ಕದ ಮನೆಯ ಎರ್ರಮ್ಮ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ಕೇಳಿದಳು.

ಕಡಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಇಂಜೆಕ್ಷನ್ ಕೊಡಿಸಿ, ಕೈಮುಗಿದು, ಹೂ ಮುಡಿಸಿಕೊಂಡು ಕಳಿಸುತ್ತಿದ್ದೆವು.

ಆ ನಾಯಿ ನಮ್ಮ ಮನೆಗೆ ಬಂದದ್ದೇ ಒಂದು ಹಂಡೆಯ ಕಾರಣಕ್ಕೆ. ಹಿತ್ತಲಲ್ಲಿ ತೊಳೆದು ಬೋರಲು ಹಾಕಿದ್ದ ತಾಮ್ರದ ಹಂಡೆಯನ್ನು ಹಾಡಹಗಲೇ ಯಾರೋ ಎತ್ತಿಕೊಂಡು ಹೋದರು. ಹಗಲು ಮನೆಯಲ್ಲಿ ಯಾರಿರುತ್ತಾರೆ? ನಾನು ಜೀನ್ಸ್ ಯೂನಿಟ್ಟಿನಲ್ಲಿ ಪ್ಯಾಂಟುಗಳಿಗೆ ಜೇಬು ಹಚ್ಚುವ ಸಾಲು ನೋಡಿಕೊಳ್ಳುವವಳು. ನಮ್ಮ ಮನೆಯವರು ಸರ್ಕಾರಿ ಬಸ್ಸಿನ ಕಂಡಕ್ಟರ್, ಸಿರುಗುಪ್ಪದ ರೂಟು. ಮಗಳು ರಶ್ಮಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಮನೆ ಕಾಯಲು ಒಂದು ನಾಯಿಮರಿ ತಂದರಾಯಿತು ಎಂದು ನಾನೇ ಮೊದಲು ಹೇಳಿದೆ. ರಶ್ಮಿಯ ಗೆಳತಿ ಅಕ್ಷತಾ ಮತ್ತು ಅವಳ ಜೊತೆಯವರು ಸಂಗನಕಲ್ಲಿನ ಆಚೆ, ತಗಡಿನ ಶೆಡ್ಡಿನಲ್ಲಿ ಬಿಟ್ಟುಹೋದ ನಾಯಿ ಬೆಕ್ಕುಗಳನ್ನು ಸಾಕುತ್ತಿದ್ದರು. ಬೇಕಾದವರಿಗೆ ಕೊಡುತ್ತಿದ್ದರು. ಒಂದು ಭಾನುವಾರ ಮೂವರೂ ಅಲ್ಲಿಗೆ ಹೋದೆವು.

ಮರಿಗಳೆಲ್ಲ ಮುಂದಿನ ಜಾಲರಿಗೆ ಮುಗಿಬಿದ್ದು ನಮ್ಮ ಬೆರಳು ನೆಕ್ಕಿದವು. ನಾನು ಬಿಳಿ ಕಾಲಿನದೊಂದನ್ನು ಆರಿಸಿಯೂ ಆಯಿತು. ಅಷ್ಟರಲ್ಲಿ ರಶ್ಮಿ ಹಿಂದಿನ ಸಾಲಿಗೆ ಹೋಗಿ ಕೂತಿದ್ದಳು. ಅಲ್ಲಿ ಕೆಂಚು ಬಣ್ಣದ ಹೆಣ್ಣು ನಾಯಿಯೊಂದು ಗೋಡೆಗೆ ಒರಗಿ ನಿಂತಿತ್ತು. ಮೂತಿಯೆಲ್ಲ ಬೆಳ್ಳಗೆ, ಒಂದು ಕಣ್ಣಿಗೆ ಮಂಜು, ಹಿಂದಿನ ಕಾಲೊಂದು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ.

"ಯಾರದೇ ಇದು?" ಎಂದಳು ರಶ್ಮಿ.

"ಯಾರದೋ," ಎಂದಳು ಅಕ್ಷತಾ. "ಒಂದಿನ ನಾವು ಬಂದು ನೋಡೋದ್ರಾಗ ಗೇಟಿಗೆ ಕಟ್ಟಿ ಹೋಗಿದ್ರು. ಹೊಸಾ ಹಗ್ಗ. ಮೈಗೆ ಸೋಪು ಹಚ್ಚಿ ಛೊಲೋ ತೊಳದಿದ್ರು. ಬಿಟ್ಟು ಹೋಗೋರನ್ನ ದಿನಾ ನೋಡ್ತೀವಿ, ತೊಳದು ಬಿಟ್ಟು ಹೋದೋರನ್ನ ಇದೇ ಮೊದ್ಲು ನೋಡಿದ್ದು." ಆಮೇಲೆ ನನ್ನ ಕಡೆ ತಿರುಗಿ, "ವಯಸ್ಸಾದವನ್ನ ಯಾರೂ ಕೇಳಂಗಿಲ್ರಿ ಆಂಟಿ. ಎಲ್ರಿಗೂ ಮರಿನೇ ಬೇಕು. ಇವಳದು ಇನ್ನೊಂದು ಐತಿ. ಊಟ ಇಟ್ರ ತಟ್ಟಿ ಮುಂದ ತಲಿ ಬಗ್ಗಿಸಿ ನಿಂತುಬಿಡ್ತಾಳ. ತಿನ್ನಂಗಿಲ್ಲ. ಎಷ್ಟೋ ಹೊತ್ತಾದ ಮ್ಯಾಲ, ಇನ್ನ ಆಗಂಗಿಲ್ಲ ಅನ್ನೋರಂಗ ಒಂದೀಟು ತಿಂತಾಳ. ಯಾಕಂತ ನಮಗೂ ತಿಳಿದಿಲ್ಲ."

ನಮ್ಮ ಮನೆಯವರು ಹಿಂದೆ ಕೈಕಟ್ಟಿ ನಾಯಿಯನ್ನು ಮೇಲಿಂದ ಕೆಳಗೆ ನೋಡಿದರು. "ರಶ್ಮೀ, ಇದನ್ನ ಒಯ್ದ್ರ, ಇದನ್ನ ಕಾಯಾಕ ಇನ್ನೊಂದು ನಾಯಿ ಒಯ್ಯಬೇಕಾಕ್ಕತಿ ನೋಡು."

"ನೀವು ರಿಟೈರ್ ಆಗೋದು ಯಾವಾಗ ಅಪ್ಪಾಜಿ? ಆಗ ನಿಮ್ಮನ್ನೂ ತಂದು ಈ ಗೇಟಿಗೆ ಕಟ್ಲೇನು?"

"ಕಟ್ಟು. ಜೋಡಿಗೆ ಒಗ್ಗರಣಿ ಮಿರ್ಚಿ ಪೊಟ್ಣ ಒಂದು ಇಟ್ಟು ಹೋಗು."

ಅಪ್ಪ ಮಗಳು ನಗುತ್ತಿರುವಾಗಲೇ ಆ ನಾಯಿ ನಮ್ಮದಾಯಿತು. ಬಿಳಿ ಕಾಲಿನ ಮರಿಯನ್ನು ನಾನು ಕೆಳಗಿಳಿಸಿದೆ. ಕೈಗೆ ಬಂದದ್ದನ್ನು ಬಿಟ್ಟುಕೊಡುವುದು ನನಗೆ ಆಗದು, ಆದರೂ ಬಿಟ್ಟೆ.

ಮನೆಗೆ ಬಂದ ಮೇಲೂ ಅದರದು ಅದೇ ಕತೆ. ರಶ್ಮಿ ಅದನ್ನು ಅಜ್ಜಿ ಎಂದು ಕರೆದಳು, ಅವರಪ್ಪ ಮುದುಕವ್ವ ಎಂದರು. ಯಾವ ಹೆಸರಿಗೂ ಅದು ಕಿವಿ ಅಲುಗಿಸಲಿಲ್ಲ. ಹಿತ್ತಲ ಬಾಗಿಲಲ್ಲಿ ಅನ್ನ ಹಾಲು ಕಲಸಿ ಇಟ್ಟರೆ, ತಟ್ಟೆಯ ಮುಂದೆ ಬಂದು ತಲೆ ಬಗ್ಗಿಸಿ ನಿಲ್ಲುತ್ತಿತ್ತು. ಶಾಲೆಯಲ್ಲಿ ತಪ್ಪು ಮಾಡಿದ ಹುಡುಗಿ ನಿಂತಂತೆ. ಮುಂಜಾನೆ ನನ್ನದು ಎಷ್ಟು ಅವಸರ ಎಂದರೆ, ಒಲೆಯ ಮೇಲೆ ರೊಟ್ಟಿ, ಕೈಯಲ್ಲಿ ಡಬ್ಬಿ, ಬಾಯಲ್ಲಿ ಹೇರ್ ಪಿನ್ನು. "ತಿನ್ನವ್ವಾ ತಾಯಿ, ನನಗ ಬಸ್ಸು ತಪ್ಪತೈತಿ," ಎಂದು ಕೈಮುಗಿದು ಓಡುತ್ತಿದ್ದೆ. ಪಶು ಆಸ್ಪತ್ರೆಗೂ ತೋರಿಸಿದೆವು. ಹಲ್ಲು ಸರಿ ಇವೆ, ಹೊಟ್ಟೆ ಸರಿ ಇದೆ ಎಂದರು. "ಏನಿಲ್ಲ, ಮುಹೂರ್ತ ನೋಡಾಕ ಹತ್ತೈತಿ," ಎಂದು ನಮ್ಮ ಮನೆಯವರು ತೀರ್ಮಾನ ಕೊಟ್ಟರು.

ಆದರೂ ಅದು ಬಂದ ಮೇಲೆ ಮನೆಯ ಬೀಗ ತೆಗೆಯುವಾಗ ಒಳಗೆ ಯಾರೋ ಇದ್ದಾರೆ ಎನಿಸುತ್ತಿತ್ತು. ನಿಂತು ನಿಂತು ಊದಿದ ನನ್ನ ಕಾಲಿನ ಮೇಲೆ ಸಂಜೆ ಅದು ಗದ್ದ ಇಟ್ಟು ಮಲಗಿದರೆ ನಾನು ಏಳುತ್ತಿರಲಿಲ್ಲ. ಸಾರು ಕುದಿದು ಉಕ್ಕಿದರೂ ಏಳುತ್ತಿರಲಿಲ್ಲ.

ಕುರುಗೋಡಿನ ಸಂಬಂಧ ಬಂದದ್ದು ಇದಕ್ಕಿಂತ ಮೊದಲೇ. ಹುಡುಗ ಚನ್ನಬಸವರಾಜ, ಅಲ್ಲಿ ಗೊಬ್ಬರ ಔಷಧಿಯ ಅಂಗಡಿ. ನಾಯಿ ಬರುವ ಮುಂಚೆ ಒಂದು ಸಲ ಸೋದರಮಾವನ ಜೊತೆ ಬಂದು ರಶ್ಮಿಯನ್ನು ನೋಡಿ ಹೋಗಿದ್ದ. ತಂದೆ ಇಲ್ಲ. ತಾಯಿ ಚನ್ನವೀರಮ್ಮ ಆಗ ಸಿರುಗುಪ್ಪದಲ್ಲಿದ್ದರು, ಮಗಳ ಬಾಣಂತನಕ್ಕೆ. ಹುಡುಗನ ನಡೆ ನುಡಿ ನನಗೆ ಹಿಡಿಸಿತು. ದನಿ ಎತ್ತಿ ಮಾತಾಡುವವನಲ್ಲ. ಚಹಾ ಕುಡಿದ ಮೇಲೆ ಕಪ್ಪನ್ನು ತಾನೇ ಒಳಗೆ ಒಯ್ದು, ನಲ್ಲಿಯ ಕೆಳಗೆ ತೊಳೆದು, ಬೋರಲು ಹಾಕಿ ಬಂದ. ನನ್ನ ಮದುವೆಯಾದ ಲಾಗಾಯ್ತು ಈ ಮನೆಯಲ್ಲಿ ಗಂಡಸೊಬ್ಬ ಕಪ್ಪು ತೊಳೆದದ್ದನ್ನು ನಾನು ನೋಡಿರಲಿಲ್ಲ. ಆ ಕಪ್ಪಿನ ಕತೆಯನ್ನು ಯೂನಿಟ್ಟಿನ ಹೆಂಗಸರಿಗೆಲ್ಲ ಹೇಳಿಕೊಂಡು ಬಂದೆ.

ಆಮೇಲೆ ಅವರಿಬ್ಬರೂ ಫೋನಿನಲ್ಲಿ ಮಾತಾಡತೊಡಗಿದರು. ರಶ್ಮಿ ನಾಯಿಯ ಫೋಟೋ ಕಳಿಸಿದ್ದಳು. "ಏನಂದ?" ಎಂದು ಕೇಳಿದೆ. "'ಪಾಪ, ಎಷ್ಟು ವಯಸ್ಸಾಗಿರಬಹುದು ಇದಕ್ಕ' ಅಂತ ಕೇಳಿದ್ರು," ಎಂದಳು. ಮುಖ ಅರಳಿತ್ತು. ನಾಯಿಯನ್ನು ಕಂಡು ಪಾಪ ಎನ್ನುವ ಹುಡುಗ, ನನಗೂ ಸಮಾಧಾನವೇ ಆಯಿತು.

ಹೂ ಮುಡಿಸುವುದು ಸೋಮವಾರಕ್ಕೆ ಗೊತ್ತಾಯಿತು. ನಮ್ಮಲ್ಲಿ ಹುಡುಗನ ತಾಯಿ ಬಂದು ಹುಡುಗಿಗೆ ಹೂ ಮುಡಿಸಿದರೆ ಸಂಬಂಧ ಗಟ್ಟಿ. ಮುಂದೆ ನಿಶ್ಚಯ, ಮದುವೆ ಎಲ್ಲ ದಿನ ನೋಡುವ ಮಾತಷ್ಟೇ. ದೊಡ್ಡ ಗದ್ದಲ ಬೇಡ, ತಾಯಿ ಮಗ ಇಬ್ಬರೇ ಬರುತ್ತೇವೆ ಎಂದಿದ್ದರು. ಹಿಂದಿನ ದಿನ ಅವನ ಫೋನು ಬಂತು. ರಶ್ಮಿ ಮಾತು ಮುಗಿಸಿ ಅಡುಗೆಮನೆಗೆ ಬಂದಳು.

"ಅವ್ವಾ, ಅವರವ್ವಾರಿಗೆ ನಾಯಿ ಅಂದ್ರ ಭಾಳ ಹೆದರಿಕಿ ಅಂತ. ನಾಳಿ ಅಜ್ಜೀನ ಅಕ್ಷತಾನ ಕಡೆ ಬಿಟ್ಟು ಬರಾಕ ಆಗ್ತೈತೇನು ಅಂತ ಕೇಳಿದ್ರು."

"ಬಿಟ್ಟು ಬಾ. ಒಂದಿನದ ಮಾತು."

"ಬಿಟ್ಟು ಹೋದ್ರು ಅಂತ ತಿಳ್ಕೊಂಡ್ರ ಅದು? ಬ್ಯಾಡವ್ವಾ. ಹಿತ್ತಲದಾಗ ಕಟ್ಟಿ ಹಾಕ್ತೀನಿ."

ಸೋಮವಾರ ನಾನು ರಜೆ ಹಾಕಿದ್ದೆ. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ. ನಮ್ಮ ಮನೆಯವರು ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದರು. ಬಿಳಿ ಕಾರು ಬಂತು. ಚನ್ನವೀರಮ್ಮ ಇಳಿದರು. ತೆಳ್ಳನೆಯ ಹೆಂಗಸು, ಸೊಂಟ ತುಸು ಬಾಗಿತ್ತು. ಕೈಯಲ್ಲಿ ಮಲ್ಲಿಗೆ ದಂಡೆಯ ತಟ್ಟೆ. ಒಳಗೆ ಬಂದವರೇ ರಶ್ಮಿಯ ಗಲ್ಲ ಮುಟ್ಟಿ, "ಫೋಟೋದಾಗ ಇಷ್ಟು ಚಂದ ಇರ್ಲಿಲ್ಲವಾ ನೀನು," ಎಂದರು. ನಮ್ಮ ಮನೆಯವರು, "ಫೋಟೋ ಆಧಾರ್ ಕಾರ್ಡಿಂದು ಕಳಿಸಿದ್ವೇನು ಮತ್ತ?" ಎಂದರು. ನಕ್ಕೆವು. ಹುಡುಗನೂ ನಕ್ಕ. ಆದರೆ ಅವನ ಕಣ್ಣು ಹಿತ್ತಲ ಬಾಗಿಲ ಕಡೆ ಎರಡು ಸಲ ಹೋಗಿ ಬಂದದ್ದನ್ನು ನಾನು ಕಂಡೆ. ಕೈಕಾಲು ತೊಳೆಯಲು ಬಚ್ಚಲು ಎಲ್ಲಿ ಎಂದು ನೋಡುತ್ತಿದ್ದಾನೆ ಎಂದುಕೊಂಡೆ.

ಚಹಾ ಆಯಿತು. ಮಾತು ಆಯಿತು. ಮೊದಲು ಊಟ, ಆಮೇಲೆ ಹೂ ಎಂದು ನಿಶ್ಚಯಿಸಿದೆವು. ಊಟಕ್ಕೆ ಮುಂಚೆ ಚನ್ನವೀರಮ್ಮ ಜಗಲಿಯ ಮುಂದೆ ಕೂತರು. ನಮ್ಮ ದೇವರ ಜಗಲಿ ಇರುವುದು ಅಡುಗೆಮನೆಯ ಪಕ್ಕ, ಹಿತ್ತಲ ಬಾಗಿಲಿಗೆ ಹತ್ತಿರ. ಗಂಟೆ ಅಲ್ಲಾಡಿಸಿದರು. ವಿಭೂತಿ ಗಟ್ಟಿಯ ಮೇಲೆ ಮೂರು ಬೆರಳು ಉಜ್ಜಿ ಹಣೆಗೆ ಎಳೆದುಕೊಂಡು, ಓಂ ನಮಃ ಶಿವಾಯ ಎಂದು ತುಸು ಗಟ್ಟಿಯಾಗಿಯೇ ಅನ್ನತೊಡಗಿದರು.

ಹಿತ್ತಲಲ್ಲಿ ನಾಯಿ ಕುಂಯ್‌ಗುಟ್ಟಿತು.

ಅದು ನಮ್ಮ ಮನೆಗೆ ಬಂದ ಮೇಲೆ ದನಿ ತೆಗೆದದ್ದೇ ಅಪರೂಪ. ಈಗ ಒಂದೇ ಸಮನೆ ಕುಂಯ್‌ಗುಡುತ್ತ ಬಾಗಿಲು ಕೆರೆಯತೊಡಗಿತು.

"ನಾಯಿ ಸಾಕೀರೇನು?" ಎಂದರು ಚನ್ನವೀರಮ್ಮ. ಮುಖ ಒಮ್ಮೆಲೆ ಬೆಳಕಾಯಿತು.

"ಹೂನ್ರಿ," ಎಂದಳು ರಶ್ಮಿ. "ನಿಮಗ ಹೆದರಿಕಿ ಅಂತ ಹಿತ್ತಲದಾಗ ಕಟ್ಟೀನಿ."

"ನನಗ? ನಾಯಿ ಹೆದರಿಕಿ? ಯಾರವ್ವಾ ಹಂಗಂದೋರು?"

ರಶ್ಮಿ ಹುಡುಗನ ಕಡೆ ನೋಡಿದಳು. ಅವನು ಎದ್ದು ನಿಂತಿದ್ದ. "ಅವ್ವಾ, ಸೀರಿ ಹೊಲಸಾಕ್ಕತಿ. ಆಮ್ಯಾಲ ನೋಡೀವಂತಿ. ಊಟಕ್ಕ ಹೊತ್ತಾತು," ಎಂದ.

"ಹೊಲಸಾದ್ರ ತೊಳದ್ರಾತು. ಈ ಮಗ ನನ್ನ ನಾಯಿ ಹೆದರಿಕಿಯಾಕಿ ಮಾಡಿಬಿಟ್ಟ ನೋಡ್ರಿ," ಎಂದು ನನ್ನ ಕಡೆ ತಿರುಗಿ ನಕ್ಕರು. "ನಮ್ಮನಿಯಾಗೂ ಒಬ್ಬಾಕಿ ಇದ್ಲು ಬೀಗ್ತಿ. ನಮ್ಮ ಯಜಮಾನ್ರು ಸಾಕಿದ್ದು. ಕೂಸಿನಂಗ ಸಾಕಿದ್ರು. ಅವ್ರು ಹೋದ ಮ್ಯಾಲ ನನ್ನ ಜೋಡಿನೇ ಮಲಗ್ತಿದ್ಲು. ನಾನು ಸಿರುಗುಪ್ಪದಾಗ ಇದ್ದಾಗ ಟ್ರ್ಯಾಕ್ಟರ್ ಬಡದು ಸತ್ಲು. ಮಕಾನೂ ನೋಡ್ಲಿಲ್ಲ ನಾನು. ಇವನೇ ಹೊಲದಾಗ ನಮ್ಮ ಯಜಮಾನ್ರ ಸಮಾಧಿ ಬಾಜೂಕ ಹೂತ. ಕಲ್ಲು ಇಟ್ಟಾನ. ಸೋಮಾರ ಸೋಮಾರ ಹೋಗಿ ಇಬ್ರಿಗೂ ಹಾಲು ಎರದು ಬರ್ತೀನಿ. ಇವತ್ತು ಇಲ್ಲಿ ಬರೋದಿತ್ತಲ್ಲ, ಅದಕ್ಕ ನಸುಕಿನಾಗ ಎದ್ದು ಎರದು ಬಂದೆ."

ಅಷ್ಟು ಹೊತ್ತಿಗೆ ರಶ್ಮಿ ಬಾಗಿಲು ತೆಗೆದಿದ್ದಳು. ಹಗ್ಗ ಬಿಚ್ಚಿದಳೋ, ಸಣಕಲು ಕತ್ತಿನಿಂದ ಅದೇ ಜಾರಿತೋ ತಿಳಿಯದು. ನಾಯಿ ಒಳಗೆ ಬಂತು. ಓಡಿ ಬರಲಿಲ್ಲ, ನೆಗೆಯಲಿಲ್ಲ. ಗೋಡೆಗೆ ಮೈ ತಾಗಿಸುತ್ತ, ಎಳೆಯುವ ಕಾಲನ್ನು ಎಳೆಯುತ್ತ, ಮೂಗು ಮೇಲೆತ್ತಿ ಗಾಳಿ ಹಿಡಿಯುತ್ತ ನೇರ ಜಗಲಿಯ ಮುಂದಕ್ಕೆ ಬಂತು. ಚನ್ನವೀರಮ್ಮನ ಎದುರು ನಿಂತಿತು. ತಲೆ ಬಗ್ಗಿಸಿತು.

ಅದೇ, ತಟ್ಟೆಯ ಮುಂದೆ ಬಗ್ಗಿಸುತ್ತಿದ್ದ ಹಾಗೆಯೇ.

"ಅಯ್ಯ, ನಮ್ಮಾಕಿ ಹಂಗ ಅದಾಳಲ್ರಿ..." ಎಂದು ಚನ್ನವೀರಮ್ಮ ಅನ್ನುತ್ತಿದ್ದರು. ಬಾಯಿ ಇನ್ನೂ ಆ ಮಾತಿನಲ್ಲೇ ಇತ್ತು. ಅವರ ಬಲಗೈ ಮಾತ್ರ, ಯಾರನ್ನೂ ಕೇಳದೆ, ವಿಭೂತಿ ಇನ್ನೂ ಉಳಿದಿದ್ದ ಬೆರಳನ್ನು ನಾಯಿಯ ಹಣೆಗೆ ಒತ್ತಿತು. ಒಂದು ಬೊಟ್ಟು.

ನಾಯಿ ತಲೆ ಎತ್ತಿತು. ತಿರುಗಿತು. ಹಿತ್ತಲ ಬಾಗಿಲಿಗೆ ಹೋಗಿ, ಮುಂಜಾನೆಯಿಂದ ಹಾಗೇ ಇದ್ದ ತಟ್ಟೆಗೆ ಬಾಯಿ ಹಾಕಿ ಗಬಗಬನೆ ತಿನ್ನತೊಡಗಿತು. ಅದು ಹಾಗೆ ತಿಂದದ್ದನ್ನು ನಾವು ಯಾರೂ ಕಂಡಿರಲಿಲ್ಲ. ತಟ್ಟೆ ನೆಲದ ಮೇಲೆ ಗರಗರ ಸರಿಯುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ.

ಚನ್ನವೀರಮ್ಮ ತಮ್ಮ ಬೆರಳನ್ನೇ ನೋಡುತ್ತ ಕೂತಿದ್ದರು. ಯಾರದೋ ಬೆರಳು ತಮ್ಮ ಕೈಗೆ ಅಂಟಿದೆ ಎಂಬಂತೆ. ಆಮೇಲೆ ಬಹಳ ಮೆಲ್ಲಗೆ, "ಕೆಂಚೀ," ಎಂದರು.

ನಾಯಿಯ ಕಿವಿ ನಿಮಿರಿತು. ತಿನ್ನುವುದನ್ನು ಬಿಟ್ಟು ತಿರುಗಿ ನೋಡಿತು. ಬಾಲ ಬಾಗಿಲಿಗೆ ಬಡಿಯಿತು.

ನನ್ನ ಕೈಯಲ್ಲಿ ತುಪ್ಪದ ಬಟ್ಟಲಿತ್ತು. ಎಲ್ಲಿ ಇಡಬೇಕೋ ತಿಳಿಯಲಿಲ್ಲ.

"ನಮ್ಮ ಯಜಮಾನ್ರು ತಾವು ಹಚ್ಕೊಂಡ ಮ್ಯಾಲ ಇದಕ್ಕೊಂದು ಬೊಟ್ಟು ಇಡ್ತಿದ್ರು," ಎಂದರು ಚನ್ನವೀರಮ್ಮ, ಯಾರಿಗೆ ಹೇಳುತ್ತಿದ್ದೇನೆಂಬುದು ಅವರಿಗೇ ತಿಳಿದಿರಲಿಲ್ಲ. "ಇಟ್ಟ ಮ್ಯಾಲೇ ಊಟ. ಮರಿ ಇದ್ದಾಗಿಂದ ರೂಢಿ. ಅವ್ರು ಹೋದ ಮ್ಯಾಲ ನಾನು ಇಡ್ತಿದ್ದೆ." ಮಗನ ಕಡೆ ತಿರುಗಿದರು. "ಬಸ್ಯಾ. ಸತ್ಲು ಅಂದಿದ್ದೆಲ್ಲೋ."

ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ಟ್ರ್ಯಾಕ್ಟರ್ ಬಡೀತು ಅಂದಿ. ರಕ್ತ ಭಾಳ ಹೋತು, ನೀ ನೋಡಬಾರದಂಗಿತ್ತು ಅಂದಿ."

"ಅವ್ವಾ, ಇಲ್ಲಿ ಬ್ಯಾಡ. ಮನಿಗೆ ಹೋಗಿ ಮಾತಾಡೂನು."

"ಇಲ್ಲೇ ಹೇಳು."

ನಮ್ಮ ಮನೆಯವರು ಕೆಮ್ಮಿದರು. ದೊಡ್ಡ ದನಿಯಲ್ಲಿ ಬಸ್ಸಿನ ಮಂದಿಯನ್ನು ಸುಮ್ಮನಾಗಿಸುವವರು, ಅವತ್ತು ಅವರಿಗೆ ಕೆಮ್ಮು ಬಿಟ್ಟು ಏನೂ ಹೊರಡಲಿಲ್ಲ.

ಹುಡುಗ ಕೊನೆಗೆ ಬಾಯಿಬಿಟ್ಟ. ದನಿ ಎತ್ತಲಿಲ್ಲ. ಅದೇ ಮೆತ್ತನೆಯ ದನಿ. "ನಾನೇನು ರಸ್ತಾಕ ಬಿಟ್ಟೆನೇನವ್ವಾ? ಛೊಲೋ ಜಾಗಾ ವಿಚಾರಿಸಿ, ಮೈ ತೊಳದು, ಅಲ್ಲಿ ಬಿಟ್ಟು ಬಂದೆ. ಹೊಸಾ ಮನಿಯಾಗ ದಿನಾ ನಡುಮನಿಯಾಗ ಉಚ್ಚಿ ಮಾಡ್ತಿತ್ತು. ನೀ ಸೊಂಟ ನೋವು ಇಟ್ಕೊಂಡು ಬಗ್ಗಿ ಬಗ್ಗಿ ಒರಸ್ತಿದ್ದಿ. ನೋಡಾಕ ಆಗ್ತಿರ್ಲಿಲ್ಲ ನನಗ."

"ಬಿಟ್ಟು ಬಂದೀನಿ ಅನ್ನಬೇಕಿತ್ತು."

"ಅಂದಿದ್ರ ನೀ ಹುಡುಕ್ಕೊಂಡು ಹೋಗ್ತಿದ್ದಿ. ಸತ್ತಿತು ಅಂದ್ರ ಒಂದು ನಾಕು ದಿನ ಅತ್ತು ಸುಮ್ಮನಾಗ್ತಿ ಅಂತ ಮಾಡಿದೆ."

"ಮತ್ತ ಗುಂಡಿ?"

"ಎಲ್ಲಿ ಹೂತಿ, ಎಲ್ಲಿ ಹೂತಿ ಅಂತ ಫೋನಿನಾಗ ನೀನೇ ಕೇಳ್ತಿದ್ದೆಲ್ಲ."

ಚನ್ನವೀರಮ್ಮ ಜಗಲಿಯ ಕಟ್ಟೆ ಹಿಡಿದು ಎದ್ದರು. ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ನಂಬಲಾಗದ್ದನ್ನು ಲೆಕ್ಕ ಹಾಕುವವರಂತೆ ಒಂದೊಂದೇ ಮಾತು ಹೊರಬಂತು. "ಇವತ್ತು ನಸುಕಿನಾಗ ಹಾಲು ಎರದೆ. ನೀ ಚರಿಗಿ ಹಿಡ್ಕೊಂಡು ನನ್ನ ಬಾಜೂಕ ನಿಂತಿದ್ದಿ. ಚಪ್ಲಿ ಬಿಟ್ಟು ನಿಂತಿದ್ದೆಲ್ಲೋ ಬಸ್ಯಾ. ಖಾಲಿ ಗುಂಡಿ ಮುಂದ."

ನಾನು ನೋಡದ ಆ ಹೊಲ, ಎರಡು ಮಣ್ಣಿನ ದಿಬ್ಬ, ಬರಿಗಾಲಲ್ಲಿ ಚರಿಗೆ ಹಿಡಿದು ನಿಂತ ಈ ಸಭ್ಯ ಹುಡುಗ, ಎಲ್ಲ ಕಣ್ಣೆದುರು ಬಂತು. ನಾಯಿ ಬಿಟ್ಟವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಬೆಕ್ಕನ್ನು ಚೀಲದಲ್ಲಿ ಕಟ್ಟಿ ಕಾಲುವೆಯ ಆಚೆ ದಾಟಿಸಿ ಬಂದವರು ನಮ್ಮ ಬಳಗದಲ್ಲೇ ಇದ್ದಾರೆ. ಆದರೆ ಬದುಕಿರುವುದರ ಸಮಾಧಿಗೆ ವಾರವಾರ ತಾಯಿಯನ್ನು ಕರೆದುಕೊಂಡು ಹೋಗುವುದು?

ಅಷ್ಟಾದರೂ, ನಿಜ ಹೇಳುತ್ತೇನೆ, ನನ್ನ ಮನಸ್ಸಿನ ಒಂದು ಮೂಲೆ ತಟ್ಟೆಯಲ್ಲಿದ್ದ ಮಲ್ಲಿಗೆಯ ಕಡೆಗೇ ಇತ್ತು. ಒಳ್ಳೆಯ ಮನೆ. ಕುಡಿಯುವ ಹುಡುಗನಲ್ಲ, ಇಸ್ಪೀಟಿನವನಲ್ಲ. ಬಂದ ಸಂಬಂಧಗಳೆಲ್ಲ ಒಂದಿಲ್ಲೊಂದು ಕಾರಣಕ್ಕೆ ತಿರುಗಿ ಹೋಗಿ, ಇದೊಂದು ನಿಂತಿತ್ತು. 'ಇರ್ಲಿ ಬಿಡ್ರಿ, ನಾಯಿ ಮಾತಿಗೆ ಯಾಕ ಇಷ್ಟು' ಎಂದು ಅನ್ನಲು ಬಾಯಿ ತೆರೆದೂ ಬಿಟ್ಟಿದ್ದೆ. ರಶ್ಮಿ ನನಗಿಂತ ಮೊದಲು ಮಾತಾಡಿದಳು.

"ಒಂದು ಮಾತು ಕೇಳ್ಲೇನ್ರಿ?" ಎಂದಳು ಅವನಿಗೆ. "ನಾನು ಫೋಟೋ ಕಳಿಸಿದ್ನೆಲ್ಲ. ನೋಡಿದ ಕೂಡ್ಲೇ ನಿಮಗ ಗುರ್ತು ಸಿಕ್ಕಿತ್ತಿಲ್ಲ?"

"...ಸಿಕ್ಕಿತ್ತು."

"'ಪಾಪ, ಎಷ್ಟು ವಯಸ್ಸಾಗಿರಬಹುದು ಇದಕ್ಕ' ಅಂತ ಕೇಳಿದ್ರಿ ನೀವು."

ಅವನು ನಿಜವಾಗಿಯೂ ತಿಳಿಯದವನಂತೆ ಅವಳ ಮುಖ ನೋಡಿದ. "ಮತ್ತೇನು ಕೇಳಬೇಕಾಗಿತ್ತು? ಆವಾಗ ಹೇಳಿದ್ರ ನೀವು ಏನಂತಿದ್ರಿ?"

"ಬೈತಿದ್ದೆ. ಛೊಲೋತಂಗ ಬೈತಿದ್ದೆ. ಆಮ್ಯಾಲ ಇಬ್ರೂ ಕೂಡಿ ಹೆಂಗರ ಮಾಡಿ ನಿಮ್ಮವ್ವಾರಿಗೆ ಹೇಳ್ತಿದ್ವಿ."

ಅವನಿಗೆ ಅದು ಹೊಳೆದೇ ಇರಲಿಲ್ಲ ಎಂಬುದು ಅವನ ಮುಖದಲ್ಲಿ ಕಂಡಿತು. ಅದನ್ನು ಕಂಡು ನನಗೆ ಭಯವಾಯಿತು. ಸುಳ್ಳನ್ನು ಹೇಳಿ ಒದ್ದಾಡಿದವನಾಗಿದ್ದರೆ ಬೇರೆ ಮಾತು. ಇವನು ಸುಳ್ಳನ್ನು ತೊಳೆದು, ಒರೆಸಿ, ಜಾಗದಲ್ಲಿ ಬೋರಲು ಹಾಕಿ, ನಿಶ್ಚಿಂತೆಯಿಂದ ಇದ್ದವನು. ನನ್ನ ಮಗಳು ನಾಳೆ ಕಾಯಿಲೆ ಬಿದ್ದರೆ, ನಾನು ಇಲ್ಲಿಂದ ಫೋನು ಮಾಡಿ ಕೇಳಿದರೆ, ಇದೇ ಮೆತ್ತನೆಯ ದನಿಯಲ್ಲಿ ಏನು ಹೇಳುತ್ತಾನೆ? ನನ್ನ ಬಾಯಿ ತಾನಾಗಿ ಮುಚ್ಚಿತು.

ಚನ್ನವೀರಮ್ಮ ಹೂವಿನ ತಟ್ಟೆಯನ್ನು ಕೈಗೆತ್ತಿಕೊಂಡರು. ರಶ್ಮಿಯ ಎದುರು ಬಂದು ನಿಂತರು. ಕೆಂಚಿ ಅವರ ಕಾಲಿಗೆ ಮೈ ಒತ್ತಿ ನಿಂತಿತ್ತು.

"ಹೂ ತಂದೀನವ್ವಾ," ಎಂದರು. "ಮುಡಿಸ್ಲೋ ಬ್ಯಾಡೋ? ನಿಮ್ಮಪ್ಪ ಅವ್ವನ್ನ ಕೇಳಂಗಿಲ್ಲ ನಾನು. ನೀ ಹೇಳು."

ಹುಡುಗಿಯನ್ನು ಹೀಗೆ ಯಾರೂ ಕೇಳುವುದಿಲ್ಲ. ನನ್ನನ್ನು ಕೇಳಿರಲಿಲ್ಲ. ರಶ್ಮಿ ನನ್ನ ಕಡೆ ನೋಡಲಿಲ್ಲ, ಅವರಪ್ಪನ ಕಡೆಯೂ ನೋಡಲಿಲ್ಲ. ಕಣ್ಣು ತುಂಬಿದ್ದವು. ಅವನನ್ನು ಅವಳು ಮೆಚ್ಚಿದ್ದಳು, ಅದು ನನಗೆ ಗೊತ್ತು.

"ಬ್ಯಾಡ್ರಿ," ಎಂದಳು.

"ಹೂಂ," ಎಂದರು ಚನ್ನವೀರಮ್ಮ. ತಟ್ಟೆಯನ್ನು ಜಗಲಿಯ ಮೇಲೆ ಇಟ್ಟರು. "ದೇವರಿಗೆ ಏರಿಸ್ರಿ. ತಂದಿದ್ದು ತಿರುಗಿ ಒಯ್ಯಂಗಿಲ್ಲ."

ಹುಡುಗ ಹೊರಗೆ ನಡೆದ. ಕಾರಿನ ಬಾಗಿಲು ತೆಗೆದು ಕಾಯುತ್ತ ನಿಂತ. ಅವ್ವ ಬರುತ್ತಾಳೆ, ಕೂತುಕೊಳ್ಳುತ್ತಾಳೆ, ನಾಲ್ಕು ದಿನ ಅತ್ತು ಸುಮ್ಮನಾಗುತ್ತಾಳೆ ಎಂದೇ ನಿಂತಿದ್ದ ಎನಿಸುತ್ತದೆ. ಚನ್ನವೀರಮ್ಮ ಮೆಟ್ಟಿಲಿಳಿದರು. ಕೆಂಚಿ ಅವರ ಸೆರಗಿನ ಹಿಂದೆಯೇ ಗೇಟಿನ ತನಕ ಹೋಯಿತು. ಅಲ್ಲಿ ಮೂಗು ಎತ್ತಿ ಗಾಳಿ ಹಿಡಿಯಿತು. ಕಾರಿನ ಕಡೆಯಿಂದ ಬಂದ ವಾಸನೆ ಇರಬೇಕು. ಮುಂಗಾಲು ಊರಿ ಹಿಂದೆ ಸರಿಯಿತು. ಹಿಂದೆ ಸರಿಯುತ್ತ ಸರಿಯುತ್ತ ರಶ್ಮಿಯ ಕಾಲಿಗೆ ಬಂದು ಡಿಕ್ಕಿ ಹೊಡೆದು, ಅಲ್ಲೇ ಕೂತು, ಸಣ್ಣಗೆ ನಡುಗಿತು. ಕೂತಲ್ಲೇ ಉಚ್ಚೆ ಹೊಯ್ದುಕೊಂಡಿತು.

ಚನ್ನವೀರಮ್ಮ ನಾಯಿಯನ್ನು ನೋಡಿದರು. ಕಾರನ್ನು ನೋಡಿದರು. ಅವರೂ ಅಲ್ಲೇ ನಿಂತರು.

"ಬೀಗರ," ಎಂದರು ನಮ್ಮ ಮನೆಯವರಿಗೆ. ಆಗದ ಬೀಗರನ್ನು ಹಾಗೆಯೇ ಕರೆದರು. "ಸಿರುಗುಪ್ಪದ ಬಸ್ಸು ಎಷ್ಟೊತ್ತಿಗೆ ಐತಿ?"

"ಅವ್ವಾ!" ಎಂದ ಹುಡುಗ. ಅವನ ದನಿ ಎತ್ತರವಾದದ್ದನ್ನು ಕೇಳಿದ್ದು ಅದೊಂದೇ ಸಲ.

"ನೀ ಹೋಗು. ನಾನು ಮಗಳ ಕಡೆ ಹೋಗ್ತೀನಿ. ಈಗ ನಿನ್ನ ಜೋಡಿ ಕುಂದ್ರಾಕ ನನಗ ಆಗಂಗಿಲ್ಲ."

ನಮ್ಮ ಮನೆಯವರಿಗೆ ಕೊನೆಗೂ ತಮ್ಮ ಕೆಲಸದ ಮಾತು ಸಿಕ್ಕಿತು. "ಬಸ್ಸು ಐತ್ರಿ, ಬೇಕಾದಷ್ಟು ಅದಾವು. ನಾನೇ ಬಂದು ಸೀಟು ಹಿಡದು ಕುಂದ್ರಿಸ್ತೀನಿ. ನಮ್ಮ ಹಂಪೇಶನ ಡ್ಯೂಟಿ ಐತಿ, ಮಗಳ ಮನಿ ಸ್ಟಾಪಿಗೆ ಇಳಸ್ತಾನ."

ರಶ್ಮಿ ಮುಂದೆ ಬಂದಳು. "ಕೆಂಚೀನ ಒಯ್ತೀರೇನ್ರಿ?" ಎಂದಳು. ಕೇಳುವಾಗ ಅವಳ ಕೈ ನಾಯಿಯ ಕುತ್ತಿಗೆಯ ಚರ್ಮವನ್ನು ಗಟ್ಟಿಯಾಗಿ ಹಿಡಿದಿತ್ತು.

ಚನ್ನವೀರಮ್ಮ ಆ ಕೈಯನ್ನು ನೋಡಿದರು. "ಎಲ್ಲಿಗೆ ಒಯ್ಲವ್ವಾ? ಮಗಳ ಮನಿಯಾಗ ಹಸುಗೂಸು ಐತಿ, ಅವರತ್ತಿ ಬಾಗಲದಾಗೇ ನಿಂದ್ರಸ್ತಾಳ. ನನ್ನ ಮನಿಗೆ ಒಯ್ಯಾಕ ಇದು ಆ ಕಾರ್ ಹತ್ತಂಗಿಲ್ಲ." ಕೆಳಗೆ ಬಗ್ಗಿದರು. ಆ ಸೊಂಟದಲ್ಲಿ ಬಗ್ಗಿ, ನಾಯಿಯ ಒದ್ದೆಯಾದ ಹಿಂಗಾಲನ್ನು ತಮ್ಮ ಹೊಸ ಸೀರೆಯ ಸೆರಗಿನಿಂದ ಒರೆಸಿದರು. ನಾನು ತಡೆಯಲು ಹೋದೆ. ನನ್ನ ಕೈಯನ್ನು ಸರಿಸಿದರು. "ಎಲ್ರೂ ಬ್ಯಾಡಂದಿದ್ದನ್ನ ನೀವು ಆರಿಸ್ಕೊಂಡು ತಂದೀರಿ. ಇಲ್ಲೇ ಇರ್ಲಿ. ಊಟಕ್ಕ ಮೊದ್ಲು ಒಂದು ಬೊಟ್ಟು ಇಡ್ರಿ, ಅಷ್ಟ. ಇಷ್ಟು ದಿನ ಪಾಪ, ಯಾರೂ ಇಡ್ಲಿಲ್ಲ ಅಂತ ನಿಂತು ನಿಂತು ತಿಂದಾಳಲ್ರಿ."

ಅವರು ನಮ್ಮ ಮನೆಯವರ ಹಿಂದೆ ನಡೆದು ಓಣಿಯ ತಿರುವು ದಾಟಿದರು. ಬಿಳಿ ಕಾರು ಬಹಳ ಹೊತ್ತು ಅಲ್ಲೇ ನಿಂತಿತ್ತು. ಹೋಳಿಗೆ ಯಾರಿಗೂ ಸೇರಲಿಲ್ಲ. ಎರ್ರಮ್ಮನ ಮನೆಗೆ ಕಳಿಸಿದೆ.

ಮರುದಿನ ಮುಂಜಾನೆ ಅದೇ ಅವಸರ. ಒಲೆಯ ಮೇಲೆ ರೊಟ್ಟಿ, ಬಾಯಲ್ಲಿ ಪಿನ್ನು. ತಟ್ಟೆ ಇಟ್ಟೆ. ಕೆಂಚಿ ಬಂದು ತಲೆ ಬಗ್ಗಿಸಿ ನಿಂತಿತು. ಜಗಲಿಗೆ ಹೋಗಿ, ವಿಭೂತಿ ಬೆರಳಿಗೆ ಹಚ್ಚಿಕೊಂಡು ಬಂದು ಇಟ್ಟೆ. ತಿಂದಿತು. ಇಷ್ಟೇ ಆಗಿತ್ತು. ಇಷ್ಟನ್ನು ಕೇಳುತ್ತ ಅದು ಎಷ್ಟು ಮುಂಜಾನೆ ನನ್ನ ಕಾಲ ಬಳಿ ನಿಂತಿತ್ತು. ನಾನು ಪಿನ್ನು ಕಚ್ಚಿಕೊಂಡು ಓಡುತ್ತಿದ್ದೆ.

ಇದಾಗಿ ಕೆಲವು ವಾರಗಳ ಮೇಲೆ ಚನ್ನವೀರಮ್ಮನ ಫೋನು ಬಂತು. ಕುರುಗೋಡಿಗೆ ತಿರುಗಿ ಬಂದಿದ್ದಾರಂತೆ. ಮಗ ಅಂಗಡಿಗೆ ಹೋದಾಗ ಆಳು ಉಚ್ಚೆಂಗೆಪ್ಪನನ್ನು ಕರೆದುಕೊಂಡು ಹೊಲಕ್ಕೆ ಹೋಗಿ ಆ ಗುಂಡಿಯನ್ನು ಅಗೆಸಿದರಂತೆ.

"ಯಾಕ್ರಿ ಅಗಸಾಕ ಹೋದ್ರಿ?" ಎಂದೆ.

"ಖಾಲಿ ಐತಿ ಅಂತ ಕಣ್ಣಿಲೆ ನೋಡಬೇಕಾಗಿತ್ತು ಬೀಗ್ತಿ. ಇಲ್ಲಾಂದ್ರ ಸೋಮಾರ ಬಂದ್ರ ಕಾಲು ತಾವೇ ಆ ಕಡೆ ನಡೀತಿದ್ವು." ಆ ಕಡೆ ಉಸಿರು ಕೇಳಿಸಿತು. "ಖಾಲಿ ಇರ್ಲಿಲ್ರಿ. ಅದರ ತಟ್ಟಿ ಇತ್ತು. ಅಲ್ಯುಮಿನಿ ತಟ್ಟಿ, ಅಂಚು ಕಡದಿದ್ದು. ಎಲ್ಲಿ ಹೋತು ಅಂತ ಮನಿಯೆಲ್ಲಾ ಹುಡುಕಿದ್ದೆ ನಾನು. ಪ್ಲಾಸ್ಟಿಕ್ ಹಾಳಿಯಾಗ ಸುತ್ತಿ ಇಟ್ಟಾನ. ತಿಕ್ಕಿ ತೊಳದು ಇಟ್ಟಾನ್ರಿ."

ಹಂಪೇಶನ ಬಸ್ಸಿನಲ್ಲಿ ಆ ತಟ್ಟೆ ನಮ್ಮ ಮನೆಗೆ ಬಂತು. ಅಂಚಿನಲ್ಲಿ ಹಲ್ಲಿನ ಗುರುತು, ಮರಿ ಇದ್ದಾಗ ಕಡಿದದ್ದಿರಬೇಕು. ಈಗ ಕೆಂಚಿ ಅದರಲ್ಲೇ ತಿನ್ನುತ್ತದೆ. ರಶ್ಮಿ ಬೊಟ್ಟು ಇಡುತ್ತಾಳೆ, ಅವಳಿಗೆ ಹೊತ್ತಾದರೆ ನಾನು ಇಡುತ್ತೇನೆ. ಆಮೇಲೆ ಆ ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವಾಗ ನನ್ನ ಕೈ ಪ್ರತಿ ಸಲ ಒಂದು ಕ್ಷಣ ನಿಲ್ಲುತ್ತದೆ. ಯಾರೂ ಎಂದೂ ತೆಗೆದು ನೋಡಬಾರದ ಗುಂಡಿಗೆ ಹಾಕುವ ತಟ್ಟೆಯನ್ನು ಅವನು ತೊಳೆದದ್ದು ಯಾಕೆ? ಎಷ್ಟು ಯೋಚಿಸಿದರೂ ಅದೊಂದು ನನಗೆ ತಿಳಿಯುತ್ತಿಲ್ಲ.